ಶೆಲ್ಟರ್ ಗೇಟಿನ ಒಳಗೆ ಯಾರು, ಹೊರಗೆ ಯಾರು: ಕೋಲಾರದ ಒಬ್ಬ ಪಶುವೈದ್ಯೆಯ ಅನುಭವ

ನಮ್ಮ ಶೆಲ್ಟರ್‌ಗೆ ಜನ ಜಾಸ್ತಿ ತರುವುದು ನಾಯಿಮರಿಗಳನ್ನು. ಕೋಲಾರ ಅಲ್ವಾ, ಟೊಮೆಟೊ ಕ್ರೇಟಿಗೆ ಬರವಿಲ್ಲ. ಕ್ರೇಟಿನಲ್ಲಿ ನಾಲ್ಕೈದು ಮರಿ, ಮೇಲೊಂದು ಗೋಣಿಚೀಲ. "ತಾಯಿ ಎಲ್ಲೋ ಹೋಗ್ಬಿಟ್ಟಿದೆ ಮೇಡಂ, ಪಾಪ, ಇಟ್ಕೊಳ್ಳಿ" ಅನ್ನುತ್ತಾರೆ. ನೋಡಿದರೆ ಮರಿಗಳ ಮೈ ಬೆಚ್ಚಗಿರುತ್ತದೆ, ಹೊಟ್ಟೆ ತುಂಬಿರುತ್ತದೆ. ಅಂದರೆ ತಾಯಿ ಎಲ್ಲೂ ಓಡಿಹೋಗಿಲ್ಲ, ಊಟ ಹುಡುಕಿಕೊಂಡು ಹೋಗಿದೆ ಅಷ್ಟೇ. ಅಂಥ ಮರಿಗಳನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಎಲ್ಲಿಂದ ತಂದಿರೋ ಅಲ್ಲೇ ಬಿಡಿ ಅನ್ನುತ್ತೇನೆ. "ಡಾಕ್ಟರ್ ಆಗಿ ಇಷ್ಟು ಕಲ್ಲುಮನಸ್ಸಾ" ಅಂತ ಬೈಸಿಕೊಂಡಿದ್ದೂ ಇದೆ.

ಕಾರಣ ಪಾರ್ವೊ, ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ಕಾಯಿಲೆ. ಲಸಿಕೆ ಬೀಳದ ಆರೋಗ್ಯವಂತ ಮರಿಗೆ ಊರಲ್ಲಿ ಶೆಲ್ಟರ್‌ನಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ಕಾಯಿಲೆ ನಾಯಿಗಳೆಲ್ಲ ಬಂದು ಸೇರುವುದೇ ಇಲ್ಲಿಗೆ. ಈ ವೈರಸ್ ಮಣ್ಣಲ್ಲಿ, ಸಿಮೆಂಟ್ ಬಿರುಕಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲ್‌ಗೆ ಅದು ಜಗ್ಗುವುದೇ ಇಲ್ಲ.

ಇದನ್ನು ನಮ್ಮ ಕೆಲಸದವರಿಗೆ ಒಪ್ಪಿಸುವುದೇ ದೊಡ್ಡ ಸಾಹಸವಾಯಿತು. ಕೂಡುಗಳನ್ನು ತೊಳೆಯುವ ಅಣ್ಣ ಒಬ್ಬರಿದ್ದಾರೆ, ಫಿನಾಯಿಲ್ ವಾಸನೆ ಬಂದರೇನೇ ಅವರಿಗೆ ಸಮಾಧಾನ. "ಬ್ಲೀಚಿಂಗ್ ಪೌಡರ್ ಬಾವಿಗೆ ಹಾಕೋದಲ್ವಾ ಮೇಡಂ?" ಅಂದರು. ಬಾವಿಗೂ ಹೌದು, ಪಾರ್ವೊಗೂ ಹೌದು. ಆದರೆ ಸುಮ್ನೆ ಎರಚಿದರೆ ಕೆಲಸ ಆಗುವುದಿಲ್ಲ. ಮೊದಲು ಸೋಪು ನೀರಲ್ಲಿ ಉಜ್ಜಿ ಮಲ, ವಾಂತಿ ಎಲ್ಲ ತೆಗೆಯಬೇಕು. ಕೊಳೆ ಇದ್ದರೆ ಬ್ಲೀಚ್‌ನ ಶಕ್ತಿ ಅಲ್ಲೇ ಮುಗಿದುಹೋಗುತ್ತದೆ. ಆಮೇಲೆ ಅವತ್ತೇ ಕಲಸಿದ ಬ್ಲೀಚ್ ನೀರು ಹಾಕಿ ಹತ್ತು ನಿಮಿಷ ಬಿಡಬೇಕು. ಕೊನೆಗೆ ಚೆನ್ನಾಗಿ ತೊಳೆದು ಒಣಗಿಸಬೇಕು. ಹಿಂದಿನ ದಿನ ಕಲಸಿಟ್ಟದ್ದು ಬೇಡ. ಇಷ್ಟು ಜಾರಿಗೆ ಬಂದಮೇಲೆ ಮರಿಗಳ ಕೂಡಿನಲ್ಲಿ ಸಾವು ಎದ್ದು ಕಾಣುವ ಹಾಗೆ ಇಳಿಯಿತು. ಯಾವ ಇಂಜೆಕ್ಷನ್ನೂ ನನಗೆ ಅಷ್ಟು ಫಲ ಕೊಟ್ಟಿಲ್ಲ.

ಇನ್ನೊಂದು, ರೌಂಡ್ಸ್‌ನ ಕ್ರಮ. ಬೆಳಿಗ್ಗೆ ಮೊದಲು ಮರಿಗಳು, ಆಮೇಲೆ ಆಪರೇಷನ್ ಆದವು, ಆಮೇಲೆ ಗಾಯದವು, ಕಟ್ಟಕಡೆಗೆ ಹಿತ್ತಲಿನ ಶೀಟಿನ ಶೆಡ್ಡು. ಪಾರ್ವೊ, ಡಿಸ್ಟೆಂಪರ್ (ಅದೂ ನಾಯಿಯಿಂದ ನಾಯಿಗೆ ಹರಡುವ ವೈರಸ್ ಕಾಯಿಲೆ) ಇರುವವು ಅಲ್ಲಿ. ಆ ಶೆಡ್ಡಿಗೆ ಬೇರೆ ಚಪ್ಪಲಿ, ಬೇರೆ ಬಕೆಟ್, ಬೇರೆ ಪೊರಕೆ. ಅಲ್ಲಿ ಹೋಗಿ ಬಂದಮೇಲೆ ಬಟ್ಟೆ ಬದಲಾಯಿಸದೆ ಯಾರೂ ಮರಿ ಮುಟ್ಟುವ ಹಾಗಿಲ್ಲ, ನಾನೂ ಅಷ್ಟೇ. ಫೋಟೊ ತೆಗೆಯಲು ಬಂದ ದಾನಿಗಳಿಗೂ ಇದೇ ರೂಲು. ಕೆಲವರಿಗೆ ಬೇಜಾರಾಗುತ್ತದೆ, ಆಗಲಿ.

ಪಾರ್ವೊ ಬಂದ ಮರಿಯ ರಕ್ತಭೇದಿಗೆ ಒಂದು ವಾಸನೆ ಇದೆ. ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ವೈರಸ್ ಕೊಲ್ಲುವ ಮಾತ್ರೆ ನಮ್ಮ ಕೈಯಲ್ಲಿಲ್ಲ. ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್, ಆಂಟಿಬಯೋಟಿಕ್, ಬಿಸಿನೀರಿನ ಬಾಟಲಿ, ಇಷ್ಟರಲ್ಲೇ ಎಳೆದುಕೊಂಡು ಬರಬೇಕು. ನೀರೆಲ್ಲ ಹೋಗಿ ಸೊರಗಿದ ಮರಿಯ ಮುಂಗಾಲಲ್ಲಿ ನರ ಸಿಗುವುದೇ ಕಷ್ಟ. ಕಾಲನ್ನು ಬಿಸಿನೀರಿನ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಟ್ಟು, ಆಮೇಲೆ ಡ್ರಿಪ್ಪಿನ ಸೂಜಿಕೊಳವೆ (ಕ್ಯಾನುಲಾ) ಹಾಕುತ್ತೇನೆ. ಸಕಾಲಕ್ಕೆ ಡ್ರಿಪ್ ಬಿದ್ದರೆ ಬದುಕುವ ಮರಿಗಳು ಎಷ್ಟೋ ಇವೆ. ಡಿಸ್ಟೆಂಪರ್ ಹಾಗಲ್ಲ. ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ ಅಂತ ಶುರುವಾಗಿ, ಇನ್ನೇನು ಸುಧಾರಿಸಿತು ಅನ್ನುವಾಗ ಕಾಲು ಅದುರಲು ಹಿಡಿಯುತ್ತದೆ, ಫಿಟ್ಸ್ ಬರುತ್ತದೆ. ಅದಕ್ಕೇ ಹೊಸದಾಗಿ ಬಂದ ಯಾವ ನಾಯಿಯನ್ನೂ ಎರಡು ವಾರ ಬೇರೆ ಇಡದೆ ಉಳಿದವುಗಳ ಜೊತೆ ಬಿಡುವುದಿಲ್ಲ. ಬಂದ ದಿನವೇ ಲಸಿಕೆ. ಶೆಲ್ಟರ್‌ನಲ್ಲೇ ಇರಬೇಕಾದ ಮರಿಗೆ ಆರು ವಾರದಿಂದ ಶುರುಮಾಡಿ ಎರಡೆರಡು ವಾರಕ್ಕೊಮ್ಮೆ ಕೊಡುತ್ತಾ ಹೋಗುತ್ತೇವೆ, ಐದು ತಿಂಗಳು ತುಂಬುವವರೆಗೆ.

ರೇಬೀಸ್ ವಿಷಯ ಬಂದಾಗ ನಾನು ಸ್ವಲ್ಪ ಜೋರು. ಜನಕ್ಕೆ ಗೊತ್ತಿರುವುದು ಓಡಾಡಿ ಕಚ್ಚುವ ಹುಚ್ಚುನಾಯಿ ಮಾತ್ರ. ಸುಮ್ನೆ ಮೂಲೆಯಲ್ಲಿ ಕೂರುವ ರೇಬೀಸೂ ಇದೆ. ಕೆಳದವಡೆ ಜೋತುಬಿದ್ದಿರುತ್ತದೆ, ಜೊಲ್ಲು ಸುರಿಯುತ್ತಿರುತ್ತದೆ, ನೀರು ನುಂಗಲು ಆಗುವುದಿಲ್ಲ, ಬೊಗಳುವ ಧ್ವನಿ ಬದಲಾಗಿರುತ್ತದೆ. ಹೊತ್ತುಕೊಂಡು ಬಂದವರು ಹೇಳುವುದು ಮಾತ್ರ ಒಂದೇ: "ಗಂಟಲಲ್ಲಿ ಮೂಳೆ ಸಿಕ್ಕಾಕ್ಕೊಂಡಿದೆ ಡಾಕ್ಟ್ರೇ, ನಾನೇ ಕೈ ಹಾಕಿ ನೋಡ್ದೆ, ಸಿಗಲಿಲ್ಲ." ಆಗ ನಾನು ನಾಯಿಯನ್ನು ಬಿಟ್ಟು ಮೊದಲು ಅವರ ಕೈ ನೋಡುತ್ತೇನೆ. ಗೀರಿದ್ದರೂ ಸರಿ, ಇಲ್ಲದಿದ್ದರೂ ಸರಿ, ನಲ್ಲಿ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿ, ಅಲ್ಲಿಂದಲೇ ಆಸ್ಪತ್ರೆಗೆ ಕಳಿಸುತ್ತೇನೆ. "ನಾಳೆ ಹೋಗ್ತೀನಿ" ಅಂದರೆ ಬಿಡುವುದಿಲ್ಲ. ನಮ್ಮಲ್ಲಿ ಕೆಲಸಕ್ಕೆ ಸೇರುವವರು ಕಚ್ಚಿಸಿಕೊಳ್ಳುವ ಮೊದಲೇ ಮೂರು ಡೋಸ್ ಲಸಿಕೆ ಮುಗಿಸಿರಬೇಕು. ಹಾಗಿದ್ದರೆ ಆಮೇಲೆ ಕಚ್ಚಿದರೂ ಎರಡೇ ಡೋಸ್, ಅವತ್ತು ಒಂದು, ಮೂರು ದಿನ ಆದಮೇಲೆ ಇನ್ನೊಂದು.

ಹೈವೇ ಆಕ್ಸಿಡೆಂಟ್‌ಗಳು, ಕಿವಿ ಹಿಂದೆ ಹುಳ ಬಿದ್ದ ಗಾಯಗಳು ವರ್ಷವಿಡೀ ಇದ್ದದ್ದೇ. ಹುಳ ಬಿದ್ದ ಗಾಯಕ್ಕೆ ದಯವಿಟ್ಟು ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ. ಹುಳದ ಜೊತೆ ಮಾಂಸವೂ ಸುಡುತ್ತದೆ, ನನಗೆ ಎರಡು ಗಾಯ ವಾಸಿ ಮಾಡುವ ಕೆಲಸವಾಗುತ್ತದೆ.

ಸಂತಾನಹರಣ ಆಪರೇಷನ್ನಿಗೆ ಬಂದ ನಾಯಿಗಳನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು, 2023ರ ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್, ಅಂದರೆ ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮಗಳಲ್ಲಿ ಹಾಗೇ ಇದೆ. ಇದನ್ನು ಪಾಲಿಸುವುದು ಬಿಡುವ ದಿನ ಅಲ್ಲ, ಹಿಡಿದ ದಿನ. ರಿಜಿಸ್ಟರಿನಲ್ಲಿ "ಬಸ್ ಸ್ಟ್ಯಾಂಡ್ ರಸ್ತೆ, ಕಂದು ಹೆಣ್ಣು" ಅಂತ ಬರೆದರೆ ಏನೂ ಬರೆಯದ ಹಾಗೇ. ಆ ರಸ್ತೆಯಲ್ಲಿ ಕಂದು ಹೆಣ್ಣುನಾಯಿಗಳಿಗೇನು ಕಡಿಮೆಯಾ? ಯಾವ ಬೇಕರಿ ಮುಂದೆ, ಅನ್ನ ಹಾಕುವವರು ಯಾರು, ಅವರ ಫೋನ್ ನಂಬರ್ ಏನು ಅಂತ ಬರೆಸುತ್ತೇನೆ. ಆಪರೇಷನ್ ಆದಮೇಲೆ ಕಿವಿಗೆ ಗುರುತಿನ ಕತ್ತರಿ ಬಿದ್ದಿರುತ್ತದೆ. ಆದರೂ ಬಿಟ್ಟ ಮಾರನೇ ದಿನ ಹೊಲಿಗೆ ಹೇಗಿದೆ ಅಂತ ಕೇಳಲು ಆ ಫೋನ್ ನಂಬರೇ ಬೇಕು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡಬಾರದು ಎಂದಿತು. ಅಂದರೆ ಒಳಗೇ ಉಳಿಯುವ ನಾಯಿಗಳು ಜಾಸ್ತಿ, ಜಾಗ ಅಷ್ಟೇ. ಗೇಟಿನಲ್ಲಿ ಇನ್ನೂ ಬಿಗಿಯಾಗಿ ನಿಲ್ಲಬೇಕಾಗಿದೆ.

ಆದ್ದರಿಂದ ನಿಮ್ಮ ಬೀದಿಯ ನಾಯಿಗೆ ಹುಷಾರಿಲ್ಲದಿದ್ದರೆ ಆಟೋ ಕರೆಯುವ ಮೊದಲು ಒಂದು ವಿಡಿಯೊ ಮಾಡಿ ನಿಮ್ಮ ಹತ್ತಿರದ ಡಾಕ್ಟರ್‌ಗೆ ಕಳಿಸಿ. ನಡೆಯುವುದು ಕಾಣಲಿ, ಮುಖ ಕಾಣಲಿ, ದೂರದಿಂದಲೇ ಸಾಕು. ಕಜ್ಜಿಗೆ, ಉಣ್ಣೆ ಹುಳದ ಜ್ವರಕ್ಕೆ ಎಷ್ಟೋ ಸಲ ಬೀದಿಯಲ್ಲೇ ಮಾತ್ರೆ ನುಂಗಿಸಬಹುದು. ಮಾತ್ರೆ ನಾನು ಕೊಡುತ್ತೇನೆ, ಬನ್ನಿನೊಳಗೆ ಇಟ್ಟು ತಿನ್ನಿಸುವ ಕೆಲಸ ನಿಮ್ಮದು.