ಕ್ರೂಸ್ ಹತ್ತುವ ದಿನ ಬಂದರಿಗೆ ಎಷ್ಟು ಹೊತ್ತಿಗೆ ಹೋಗಬೇಕು?

ಟಿಕೆಟ್‌ನಲ್ಲಿ ಸಂಜೆ 5 ಗಂಟೆ ಎಂದಿದ್ದರೆ ಅದು ಹಡಗು ಬಂದರು ಬಿಡುವ ಹೊತ್ತು, ನೀವು ಹತ್ತುವ ಹೊತ್ತಲ್ಲ. ಬಸ್ ಸ್ಟ್ಯಾಂಡಿಗೆ ಹೋದಂತೆ ನಾಲ್ಕೂವರೆಗೆ ಹೋಗಿ ನಿಂತರೆ ಹಡಗು ಕಣ್ಣೆದುರೇ ಇರುತ್ತದೆ, ಒಳಗೆ ಮಾತ್ರ ಬಿಡುವುದಿಲ್ಲ. ಇನ್ನು ಕೆಲವರು ಈ ಭಯಕ್ಕೇ ಬೆಳಿಗ್ಗೆ 8ಕ್ಕೆ ಹೋಗಿ, ಸೂಟ್‌ಕೇಸ್ ಮೇಲೆ ಕೂತು ಮೂರು ತಾಸು ಆಕಳಿಸುತ್ತಾರೆ. ಸಿಂಗಪುರದಿಂದ ಹೊರಡುವ ಕ್ರೂಸನ್ನೇ ಉದಾಹರಣೆಗೆ ಇಟ್ಟುಕೊಂಡು ಲೆಕ್ಕ ಹಾಕೋಣ.

ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ

ಹಡಗು ಬಿಡುವುದು 5ಕ್ಕೆ. ಚೆಕ್-ಇನ್ ಕೌಂಟರ್ ಮುಚ್ಚುವುದು ಅದಕ್ಕೆ 60ರಿಂದ 90 ನಿಮಿಷ ಮೊದಲು. ಕಂಪನಿಯಿಂದ ಕಂಪನಿಗೆ ಇದು ಬದಲಾಗುವುದರಿಂದ 90 ಎಂದೇ ಹಿಡಿಯಿರಿ, ಅಂದರೆ 3.30. ಇದು ಕಂಪನಿಯ ಹಟವಲ್ಲ. ಹಡಗಿನಲ್ಲಿ ಯಾರ್‍ಯಾರು ಇದ್ದಾರೆ ಎಂಬ ಪಟ್ಟಿ ಹೊರಡುವ ಮೊದಲೇ ಅಧಿಕಾರಿಗಳ ಕೈ ಸೇರಬೇಕು. ಅಮೆರಿಕದ ಬಂದರುಗಳಲ್ಲಂತೂ ಅದನ್ನು 60 ನಿಮಿಷ ಮೊದಲೇ ಕಳಿಸಬೇಕೆಂದು ಕಾನೂನೇ ಇದೆ. ಪಟ್ಟಿ ಹೋದ ಮೇಲೆ ಎಷ್ಟು ಗೋಗರೆದರೂ ಪ್ರಯೋಜನವಿಲ್ಲ.

3.30ಕ್ಕೆ ಮೊದಲು ಏನೇನಿದೆ? ದೊಡ್ಡ ಬ್ಯಾಗ್ ಒಪ್ಪಿಸುವುದು, ಕೈಚೀಲದ ತಪಾಸಣೆ, ಚೆಕ್-ಇನ್, ಇಮಿಗ್ರೇಷನ್. ಹಡಗು ಭರ್ತಿಯಿದ್ದರೆ ಇಷ್ಟಕ್ಕೆ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ಹಾಗಾಗಿ ಟರ್ಮಿನಲ್ ಬಾಗಿಲಲ್ಲಿ 2 ಗಂಟೆಗೆ ಇರುವುದೇ ಕಡೆಯ ಗಡುವು. ಅದಕ್ಕಿಂತ ತಡವಾಗಿ ಹೋಗುವವರು ದೇವರ ಮೇಲೆ ಭಾರ ಹಾಕಿ ಹೊರಟವರು.

‘ತಪ್ಪಿದರೆ ಮುಂದಿನ ಬಂದರಿನಲ್ಲಿ ಹತ್ತಿಕೊಂಡರಾಯ್ತು’ ಎಂಬ ಮಾತು ನಂಬಬೇಡಿ. ಅದಕ್ಕೆ ಕಂಪನಿ ಒಪ್ಪಬೇಕು, ಆ ದೇಶದ ಪ್ರವೇಶ ನಿಯಮ ಒಪ್ಪಬೇಕು, ವಿಮಾನದ ಖರ್ಚು ನಿಮ್ಮದೇ. ಮೂರು ರಾತ್ರಿಯ ಕ್ರೂಸ್‌ನಲ್ಲಿ ಅಷ್ಟು ಹೊತ್ತಿಗೆ ಪ್ರವಾಸವೇ ಅರ್ಧ ಮುಗಿದಿರುತ್ತದೆ.

ಬೇಗ ಹೋಗುವುದೂ ದಂಡ. ನೀವು ಹತ್ತುವ ಹಡಗು ಅಂದು ಬೆಳಿಗ್ಗೆಯಷ್ಟೇ ಹಿಂದಿನ ಪ್ರವಾಸ ಮುಗಿಸಿ ಬಂದಿರುತ್ತದೆ. ಸಾವಿರಾರು ಮಂದಿ ಇಳಿಯುವಷ್ಟರಲ್ಲಿ ಒಂಬತ್ತೂವರೆ, ಹತ್ತು. ಆಮೇಲೆ ಕೋಣೆ ಗುಡಿಸಿ, ಹಾಸಿಗೆ ಬದಲಿಸಿ, ದಿನಸಿ ತುಂಬಬೇಕು. ಹೊಸಬರನ್ನು ಬಿಡಲು ಶುರುಮಾಡುವುದು ಸಾಮಾನ್ಯವಾಗಿ 11ರಿಂದ 11.30ಕ್ಕೆ.

ಯಾವ ಸ್ಲಾಟ್ ಆರಿಸಬೇಕು?

ಆನ್‌ಲೈನ್ ಚೆಕ್-ಇನ್ ಮಾಡುವಾಗಲೇ ಬಂದರಿಗೆ ಬರುವ ಸಮಯವನ್ನು ಆರಿಸಬೇಕು. ರಾಯಲ್ ಕೆರಿಬಿಯನ್‌ನಲ್ಲಿ ಇದು 45 ದಿನ ಮೊದಲೇ ತೆರೆಯುತ್ತದೆ. ಬೇರೆ ಕಂಪನಿಗಳ ಲೆಕ್ಕ ಬೇರೆ. ಬೆಳಗಿನ ಸ್ಲಾಟ್‌ಗಳು ಮೊದಲು ಖಾಲಿಯಾಗುತ್ತವೆ.

ಎಲ್ಲರೂ ಮೊದಲ ಸ್ಲಾಟ್‌ಗೇ ಮುಗಿಬೀಳುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ಅದು ಬೇಡವೇ ಬೇಡ. 1 ಅಥವಾ 1.30ರದ್ದು ತೆಗೆದುಕೊಳ್ಳಿ. ಕೋಣೆಗಳು ತೆರೆಯುವುದೇ ಮಧ್ಯಾಹ್ನ 1ರಿಂದ 1.30ರ ಸುಮಾರಿಗೆ. 11.30ಕ್ಕೆ ಒಳಹೊಕ್ಕವರು ಅಲ್ಲಿಯವರೆಗೆ ಹೆಗಲಿಗೆ ಬ್ಯಾಗ್ ನೇತುಹಾಕಿಕೊಂಡು, ಬಫೆಯ ನೂಕುನುಗ್ಗಲಿನಲ್ಲಿ ತಟ್ಟೆ ಹಿಡಿದು ಅಲೆಯಬೇಕು. ಈಜುಕೊಳ, ಸ್ಲೈಡು ಎಂದು ಕುಣಿಯುವ ಮಕ್ಕಳಿದ್ದರೆ ಮಾತ್ರ ಮೊದಲ ಸ್ಲಾಟ್ ಸಾರ್ಥಕ. ಆಗಲೂ ಈಜುಡುಗೆ ಕೈಚೀಲದಲ್ಲಿರಲಿ. ಎಲ್ಲಕ್ಕಿಂತ ಕೆಟ್ಟದ್ದು 12ರಿಂದ 12.30: ಮೊದಲ ಸ್ಲಾಟ್‌ನ ತಡವಾದವರು, ಈ ಸ್ಲಾಟ್‌ನವರು, ಸಮಯ ನೋಡದೆ ಬಂದವರು ಎಲ್ಲ ಒಂದೇ ಸಾಲಿನಲ್ಲಿ. ದುಡ್ಡು ಕೊಟ್ಟು ಕೊಳ್ಳುವ ‘ಆದ್ಯತೆಯ ಪ್ರವೇಶ’ ಬೇಕಿಲ್ಲ. ಇಮಿಗ್ರೇಷನ್ ಸಾಲನ್ನು ಅದು ಚಿಕ್ಕದು ಮಾಡುವುದಿಲ್ಲ.

ವಿಮಾನ, ಟ್ಯಾಕ್ಸಿ

ಹಿಂದಿನ ದಿನವೇ ಸಿಂಗಪುರದಲ್ಲಿರಿ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಇಳಿಯುವ ವಿಮಾನ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಹಾರಾಟ ನಾಲ್ಕೂವರೆ ತಾಸು. ಆದರೆ ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದಿದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಲು ಮರೆಯುವವರೇ ಹೆಚ್ಚು. ವಿಮಾನ ತಡವಾಗದಿದ್ದರೂ ಒಂದು ಬ್ಯಾಗ್ ಹಿಂದುಳಿದರೆ ಸಾಕು, ಅದು ಸಿಗುವ ಹೊತ್ತಿಗೆ ನೀವು ಸಮುದ್ರದಲ್ಲಿರುತ್ತೀರಿ.

ಸಿಂಗಪುರದಲ್ಲಿ ಕ್ರೂಸ್ ಟರ್ಮಿನಲ್ ಎರಡಿವೆ. ದೊಡ್ಡ ಹಡಗುಗಳು ಹೆಚ್ಚಾಗಿ ನಿಲ್ಲುವುದು ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ. ಹತ್ತಿರದ ಮೆಟ್ರೊ ನಿಲ್ದಾಣ ಮರೀನಾ ಸೌತ್ ಪಿಯರ್. ಇನ್ನೊಂದು ಹಾರ್ಬರ್‌ಫ್ರಂಟ್‌ನ ಸಿಂಗಪುರ್ ಕ್ರೂಸ್ ಸೆಂಟರ್. ಟ್ಯಾಕ್ಸಿಯವರಿಗೆ ಬರೀ ‘ಕ್ರೂಸ್ ಸೆಂಟರ್’ ಎಂದರೆ ಎಲ್ಲಿಗೆ ಬೇಕಾದರೂ ಕರೆದೊಯ್ಯಬಹುದು. ಮರೀನಾ ಬೇ ಸ್ಯಾಂಡ್ಸ್ ಹೋಟೆಲ್ ಬೇರೆ, ಮರೀನಾ ಬೇ ಕ್ರೂಸ್ ಸೆಂಟರ್ ಬೇರೆ. ಟಿಕೆಟ್‌ನಲ್ಲಿರುವ ಪೂರ್ತಿ ಹೆಸರು ತೋರಿಸಿ.

ಕಾಗದಪತ್ರ

ಹಡಗು ಸಿಂಗಪುರ ಬಿಟ್ಟು ಮತ್ತೆ ಅಲ್ಲಿಗೇ ಬರುತ್ತದೆ. ಹಾಗಾಗಿ ವೀಸಾ ಬಹುಪ್ರವೇಶದ್ದೇ ಆಗಿರಬೇಕು. ಸಿಂಗಪುರ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ತುಂಬುವ ಎಸ್‌ಜಿ ಅರೈವಲ್ ಕಾರ್ಡನ್ನೂ ಎರಡು ಸಲ ತುಂಬಬೇಕು: ವಿಮಾನದಲ್ಲಿ ಹೋಗುವ ಮೊದಲೊಮ್ಮೆ, ಹಡಗು ಮರಳುವ ಮೊದಲೊಮ್ಮೆ. ಪ್ರತಿ ಸಲವೂ ತಲುಪುವ ದಿನವೂ ಸೇರಿ ಮೂರು ದಿನದೊಳಗೆ. ಸರ್ಕಾರಿ ತಾಣದಲ್ಲಿ ಇದು ಉಚಿತ. ಹುಡುಕಿದಾಗ ಮೇಲೆ ಬರುವ, ಡಾಲರ್ ಕೇಳುವ ತಾಣಗಳು ದಲ್ಲಾಳಿಗಳದ್ದು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಲಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಹೆಸರಿನದ್ದು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಬುಕಿಂಗ್‌ನಲ್ಲಿ ಏಜೆಂಟರು ಇನಿಷಿಯಲ್ಲನ್ನೋ ಅಪ್ಪನ ಹೆಸರನ್ನೋ ತುರುಕಿರುತ್ತಾರೆ. ಕೌಂಟರ್‌ನಲ್ಲಿ ಎರಡೂ ತಾಳೆಯಾಗದಿದ್ದರೆ ಪಕ್ಕದ ಮೇಜಿಗೆ ಕಳಿಸುತ್ತಾರೆ, ಅರ್ಧ ಗಂಟೆ ಅಲ್ಲೇ ಹೋಯಿತು. ಊರಲ್ಲಿರುವಾಗಲೇ ಪಾಸ್‌ಪೋರ್ಟ್, ವೀಸಾ, ಬುಕಿಂಗ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಬೋರ್ಡಿಂಗ್ ಪಾಸ್ ಮೊಬೈಲ್‌ನಲ್ಲಿದ್ದರೂ ಒಂದು ಪ್ರಿಂಟ್ ಜೊತೆಗಿರಲಿ.

ಗರ್ಭಿಣಿಯರು ಗಮನಿಸಿ: ಪ್ರವಾಸ ಮುಗಿಯುವ ಮೊದಲು 24ನೇ ವಾರ ಶುರುವಾಗುವಂತಿದ್ದರೆ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೂ ಸಾಮಾನ್ಯವಾಗಿ ಪ್ರವೇಶವಿಲ್ಲ.

ಬ್ಯಾಗ್ ಒಪ್ಪಿಸುವುದು

ಜನ ಹೆಚ್ಚು ಎಡವುವುದು ಇಲ್ಲೇ. ಬಾಗಿಲಲ್ಲಿ ಒಪ್ಪಿಸಿದ ದೊಡ್ಡ ಬ್ಯಾಗ್ ಕೋಣೆಗೆ ಬರುವುದು ಸಂಜೆಯ ಹೊತ್ತಿಗೆ, ಕೆಲವೊಮ್ಮೆ ರಾತ್ರಿ ಊಟದ ನಂತರ. ಆದ್ದರಿಂದ ಪಾಸ್‌ಪೋರ್ಟ್, ಹಣ, ಮಾತ್ರೆ, ಕನ್ನಡಕ, ಚಾರ್ಜರ್, ಮಗುವಿನ ಹಾಲಿನ ಪುಡಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಬಿ.ಪಿ., ಸಕ್ಕರೆ ಮಾತ್ರೆಯನ್ನು ಸೂಟ್‌ಕೇಸಿನ ತಳಕ್ಕೆ ಹಾಕಿ, ಮಧ್ಯಾಹ್ನ ಊಟಕ್ಕೆ ಕೂತಾಗ ನೆನಪಿಸಿಕೊಳ್ಳುವವರು ಪ್ರತಿ ಹಡಗಿನಲ್ಲೂ ಇರುತ್ತಾರೆ.

ಕೋಣೆ ಸಂಖ್ಯೆಯಿರುವ ಲಗೇಜ್ ಟ್ಯಾಗನ್ನು ಮನೆಯಲ್ಲೇ ಪ್ರಿಂಟ್ ಮಾಡಿ, ಉದ್ದಕ್ಕೆ ಮಡಚಿ, ಹಿಡಿಕೆಗೆ ಸುತ್ತಿ ಎರಡು ಕಡೆ ಸ್ಟೇಪಲ್ ಹೊಡೆಯಿರಿ. ಮೇಲೆ ಅಗಲದ ಪಾರದರ್ಶಕ ಟೇಪ್ ಸುತ್ತಿದರೆ ಮಳೆಗೂ ಜಗ್ಗದು. ದುಬಾರಿ ಪ್ಲಾಸ್ಟಿಕ್ ಹೋಲ್ಡರ್ ಬೇಕಿಲ್ಲ, ತೆಳುವಾದ ದಾರದ್ದಾದರೆ ಕಿತ್ತೇ ಹೋಗುತ್ತದೆ. ವಿಮಾನದ ಹಳೆಯ ಟ್ಯಾಗ್ ಹರಿದು ಹಾಕಿ.

ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ನೀರು ಕಾಯಿಸುವ ಕಾಯಿಲ್, ರೈಸ್ ಕುಕ್ಕರ್, ಮೇಣದಬತ್ತಿ, ಊದುಬತ್ತಿ ಮನೆಯಲ್ಲೇ ಇರಲಿ. ಹಡಗಿನಲ್ಲಿ ಬೆಂಕಿಯ ಭಯಕ್ಕಿಂತ ದೊಡ್ಡ ಭಯವಿಲ್ಲ. ಸರ್ಜ್ ಪ್ರೊಟೆಕ್ಟರ್ (ವಿದ್ಯುತ್ ಏರಿಳಿತ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೂ ತಡೆಯಿದೆ. ಸೀಲ್ ಒಡೆಯದ ಪೊಟ್ಟಣದ ತಿಂಡಿಗೆ ಸಾಮಾನ್ಯವಾಗಿ ತಕರಾರಿಲ್ಲ. ಡಬ್ಬಿಗೆ ತುಂಬಿದ ಮನೆಯ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತಪಾಸಣೆ ದಾಟುವ ಖಾತ್ರಿಯಿಲ್ಲ.

ಒಳಗೆ ಹೋದ ಮೇಲೆ

ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಅವರೇ ಇಟ್ಟುಕೊಳ್ಳುತ್ತಾರೆ. ಗಾಬರಿ ಬೇಡ, ನಕಲು ಪ್ರತಿಯೊಂದು ನಿಮ್ಮ ಬಳಿ ಇರಲಿ.

ಊಟಕ್ಕೂ ಮೊದಲು ಸುರಕ್ಷತಾ ಡ್ರಿಲ್, ಅಂದರೆ ಅಪಾಯ ಬಂದಾಗ ಏನು ಮಾಡಬೇಕೆಂಬ ತಾಲೀಮು, ಮುಗಿಸಿ. 2012ರ ಜನವರಿಯಲ್ಲಿ ಇಟಲಿ ತೀರದಲ್ಲಿ ಕೋಸ್ಟಾ ಕಾನ್‌ಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದಾಗ, ಅಂದೇ ಹತ್ತಿದ್ದ ಅನೇಕರಿಗೆ ಡ್ರಿಲ್ ಆಗಿರಲಿಲ್ಲ. ಆಗಿನ ನಿಯಮ 24 ಗಂಟೆ ಕಾಲಾವಕಾಶ ಕೊಟ್ಟಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮುಗಿಸಬೇಕು. ಈಗ ಹಲವು ಹಡಗುಗಳಲ್ಲಿ ಮೊಬೈಲ್‌ನಲ್ಲೋ ಟಿ.ವಿ.ಯಲ್ಲೋ ವಿಡಿಯೊ ನೋಡಿ, ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಹಡಗಿನವರು ಕೊಟ್ಟ ಕಾರ್ಡ್ ತೋರಿಸಿದರೆ ಹತ್ತು ನಿಮಿಷದ ಕೆಲಸ. ಸಂಜೆಗೆ ಬಿಟ್ಟರೆ ಅಲ್ಲೂ ಸಾಲು.

ರಾತ್ರಿ ಎಂಟೂವರೆಯಾದರೂ ಬ್ಯಾಗ್ ಬಾಗಿಲಿಗೆ ಬರದಿದ್ದರೆ ಗೆಸ್ಟ್ ಸರ್ವೀಸಸ್‌ಗೆ ಹೋಗಿ ಕೇಳಿ. ಕಳೆದುಹೋಗಿರುವ ಸಂಭವ ಕಡಿಮೆ. ಹೆಚ್ಚಾಗಿ ಅದು ಭದ್ರತಾ ಕೋಣೆಯಲ್ಲಿ, ಒಳಗಿನ ಇಸ್ತ್ರಿ ಪೆಟ್ಟಿಗೆಯ ಸಮೇತ, ನೀವೇ ಬಂದು ಬೀಗ ತೆಗೆಯಲಿ ಎಂದು ಕಾಯುತ್ತಿರುತ್ತದೆ.