ಕೆಮ್ಮಣ್ಣಿನ ಹಲಗೆ, ನಾಲ್ಕಕ್ಷರದ ರಾಗ

ಶಿವಮೊಗ್ಗದಲ್ಲಿ ಲಕ್ವ ಹೊಡೆದವರಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ವಾರ್ಡಿನಲ್ಲಿ ಸಂಗೀತವಿರಲಿ ಎಂದು ಮೊದಲು ಮೊಬೈಲಿಗೆ ಸ್ಪೀಕರ್ ಜೋಡಿಸಿ ಕೊಳಲು ಹಾಕಿದೆ. ಮೂರನೆಯ ದಿನ ಕಿಟಕಿ ಪಕ್ಕದ ಹಾಸಿಗೆಯವರು ಗೋಡೆಯತ್ತ ಹೊರಳಿ ಕಿವಿಗೆ ದಿಂಬು ಒತ್ತಿಕೊಂಡರು. ಎದ್ದು ಹೋಗಲಾಗದವರ ಮೇಲೆ ನನ್ನ ಇಷ್ಟವನ್ನು ಹೇರಿದ್ದೆ. ಅಂದೇ ನಿಲ್ಲಿಸಿದೆ. ಅಲ್ಲಿಂದೀಚೆಗೆ ರೋಗಿಯ ಹಾಳೆಯಲ್ಲಿ ಬಿಪಿ, ಶುಗರ್ ಜೊತೆಗೆ ಇನ್ನೊಂದು ಸಾಲು ಬರೆಯುತ್ತೇನೆ: ಈ ಕೈ ಏನು ಮಾಡುತ್ತಿತ್ತು, ಈ ಗಂಟಲು ಏನು ಹಾಡುತ್ತಿತ್ತು.

ಸಾಗರ ಕಡೆಯ ಅಜ್ಜಿಯೊಬ್ಬರಿಗೆ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಬಲಗೈಯ ಶಕ್ತಿ ಕುಂದಿತ್ತು, ಮಾತು ನಿಂತಿತ್ತು. ರಬ್ಬರ್ ಚೆಂಡು ಕೊಟ್ಟರೆ ಕೆಳಗೆ ಬಿಡುತ್ತಿದ್ದರು. “ನಮ್ಮ ಅತ್ತೆ ಮದುವೆಮನೆಗಳಲ್ಲಿ ಹಸೆ ಬರೆಯುತ್ತಿದ್ದರು” ಎಂದರು ಸೊಸೆ. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆಯುವ ಹಸೆ ಚಿತ್ತಾರ! ಮರುದಿನವೇ ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದೆ. ಸೊಸೆ ಅಕ್ಕಿ ಅರೆದ ಹಿಟ್ಟನ್ನೂ ಪುಂಡಿ ನಾರಿನ ಕುಂಚವನ್ನೂ ತಂದರು. ಹಿಡಿತ ಸಿಗಲೆಂದು ಕುಂಚಕ್ಕೆ ಬಟ್ಟೆ ಸುತ್ತಿದೆವು. ಹಲಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಗೆರೆ ಮೇಲೇರಿದಂತೆ ಭುಜವೂ ಏಳಬೇಕು. ಮೊಣಕೈಗೆ ನನ್ನ ಆಸರೆ. ಮೊದಲ ಗೆರೆ ನಾಲ್ಕು ಬೆರಳಿನಷ್ಟು ಸಾಗಿ, ತುದಿಯಲ್ಲಿ ನಡುಗಿ, ಹಿಟ್ಟು ಸೋರಿತು. ಅಜ್ಜಿ ಎಡಗೈ ಹೆಬ್ಬೆರಳಿನಿಂದ ಅದನ್ನು ಒರೆಸಿ ಮತ್ತೆ ಎಳೆದರು. ಚೆಂಡು 5 ನಿಮಿಷಕ್ಕೇ ಬೇಸರವಾಗುತ್ತಿತ್ತು. ಹಲಗೆಯ ಮುಂದೆ 20 ನಿಮಿಷ ಕಳೆದರೂ ಕುಂಚ ಕೆಳಗಿಡಲಿಲ್ಲ. ಸೋತ ಭುಜಕ್ಕೆ ಅತಿಯಾದರೆ ನೋವು ಕಚ್ಚಿಕೊಳ್ಳುತ್ತದೆ, ಹಾಗಾಗಿ ನಾನೇ ತಡೆದೆ. ಹಿಟ್ಟನ್ನು ದಿನವೂ ಹೊಸದಾಗಿ ಅರೆಯಬೇಕು, ಒಬ್ಬರ ಕುಂಚವನ್ನು ಇನ್ನೊಬ್ಬರಿಗೆ ಕೊಡಬಾರದು. ಆಸ್ಪತ್ರೆಯಲ್ಲಿ ಇದನ್ನು ಮರೆಯುವಂತಿಲ್ಲ.

ಐದನೆಯ ದಿನ ಗೆರೆ ಎಳೆಯುತ್ತಲೇ ಹಸೆಯ ಹಾಡು ಹಾಡಿದರು, ಪದಪದವೂ ಬಿಡಿಬಿಡಿಯಾಗಿ. ಮಾತು ಬಂತೆಂದು ಸೊಸೆ ಅತ್ತರು. ಬಂದಿರಲಿಲ್ಲ. ಹೆಸರು ಕೇಳಿದರೆ ತುಟಿ ಅಲುಗಿತು, ಅಷ್ಟೇ. ಮಾತು ನಿಂತವರಲ್ಲೂ ಕಲಿತ ಹಾಡು ಉಳಿದಿರುವುದುಂಟು. ಅದನ್ನು ತೋರಿಸಿ ಮನೆಯವರಿಗೆ ಆಸೆ ಹುಟ್ಟಿಸುವುದು ತಪ್ಪು; ಆಗಲೇ ಸೊಸೆಗೆ ಬಿಡಿಸಿ ಹೇಳಿದೆ.

ರಾಗ ಹಿಡಿದು ಮಾತು ಕಲಿಸುವ ವಿಧಾನವೊಂದನ್ನು ಬಾಸ್ಟನ್ನಿನ ತಜ್ಞರು 1973ರಲ್ಲಿ ಪ್ರಕಟಿಸಿದ್ದರು. ನಮ್ಮ ವಾಕ್ ಚಿಕಿತ್ಸಕಿ ಅದೇ ಜಾಡಿನಲ್ಲಿ, ಎರಡೇ ಸ್ವರದಲ್ಲಿ ‘ನೀರು ಬೇಕು’ ಎಂದು ಎಳೆದು ಹಾಡಿದರು, ಅಕ್ಷರಕ್ಕೊಮ್ಮೆ ಅಜ್ಜಿಯ ಎಡಗೈಯನ್ನು ಮಂಚಕ್ಕೆ ತಟ್ಟಿಸುತ್ತ. ಮೊದಲು ಜೊತೆಯಲ್ಲಿ ಹಾಡಿ, ಆಮೇಲೆ ಅರ್ಧಕ್ಕೆ ನಿಲ್ಲಿಸಿ, ಕೊನೆಗೆ ರಾಗ ಕಳಚಿ. ವಾರಗಟ್ಟಲೆ ಹಿಡಿಯಿತು.

ಮನೆಗೆ ಹೊರಡುವ ಹೊತ್ತಿಗೆ ಅಜ್ಜಿಗಿದ್ದದ್ದು ಏಳು ಮಾತು. ಅದರಲ್ಲಿ ‘ಸಾಕು’ ಎಂಬುದನ್ನು ನನಗೇ ಹೇಳಿದ್ದರು, ಮೊಣಕೈ ಹಿಡಿದಿದ್ದ ನನ್ನ ಕೈ ಸರಿಸುತ್ತ. ಬಿಟ್ಟೆ. ಗೆರೆ ಓಲಾಡುತ್ತ ಮೇಲೇರಿ, ಹಲಗೆಯ ಅಂಚಿಗೆ ಗೇಣಷ್ಟು ಇರುವಾಗ ನಿಂತಿತು.