ಕಾರಿನ ಪೇಂಟ್, ಫ್ರಿಜ್ ಕಂಪ್ರೆಸರ್ ಮತ್ತು ನನ್ನ ಕೆಂಪು ಸಜಾಬಿ

"ಪ್ಲಾಸ್ಟಿಕ್ ಕರಗಿ ಹೋಗುತ್ತೆ ಕಣೋ, ದುಡ್ಡು ದಂಡ." ಗನ್‌ಪ್ಲಾ, ಅಂದರೆ ಗಂಡಮ್ ಅನ್ನೋ ಜಪಾನಿ ಅನಿಮೆಯ ರೋಬೋಗಳ ಪ್ಲಾಸ್ಟಿಕ್ ಕಿಟ್, ಕಟ್ಟುವ ನಮ್ಮ ಗುಂಪಿನಲ್ಲಿ ಇದನ್ನು ಹೇಳದವರೇ ಇರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಕಾರಿನ ಪೇಂಟ್ ಹೊಡೆದು ಕ್ಯಾಂಡಿ ರೆಡ್ (ಸಿಲ್ವರ್ ಮೇಲೆ ಪಾರದರ್ಶಕ ಕೆಂಪು) ತರ್ತೀನಿ ಅಂದಿದ್ದೆ, ಅಷ್ಟೇ. ಈಗ ಸಜಾಬಿ ಅನ್ನೋ ಕೆಂಪು ರೋಬೋ, ಮಾಸ್ಟರ್ ಗ್ರೇಡ್ (1/100 ಸ್ಕೇಲಿನ ಸರಣಿ) ಕಿಟ್ಟಿನ ‘ವರ್ ಕಾ’ ಆವೃತ್ತಿ, ನಮ್ಮನೆ ಶೋಕೇಸಿನಲ್ಲಿ ನಿಂತಿದೆ. ಟ್ಯೂಬ್‌ಲೈಟ್ ಕೆಳಗೆ ಇಟ್ಟರೆ ಎದೆಯ ಮೇಲೆ ಟ್ಯೂಬ್‌ಲೈಟೇ ಕಾಣುತ್ತೆ. ಹಾಗಾಗಿ ಬರೆಯುತ್ತಿದ್ದೇನೆ.

ಯಾಕೆ ಈ ಹಟ ಅಂದರೆ, ದುಡ್ಡು. ಸಜಾಬಿ 2013ರ ಕಿಟ್. 1/100 ಸ್ಕೇಲ್ ಆದರೂ ಮೈಗಾತ್ರ ನೋಡಿದ್ದೀರಲ್ಲ, ಪಕ್ಕದಲ್ಲಿ ಬೇರೆ ಮಾಸ್ಟರ್ ಗ್ರೇಡ್‌ಗಳು ಮಕ್ಕಳ ಹಾಗೆ ಕಾಣುತ್ತವೆ. ನನ್ನ ಕೈಗೆ ಬರುವಷ್ಟರಲ್ಲಿ ಸುಮಾರು ₹10,000 ಆಗಿತ್ತು. ಅದರ ಮೇಲೆ ಜಪಾನಿನ 10 ಎಂಎಲ್ ಬಾಟಲಿ ಒಂದಕ್ಕೆ ₹250ರಿಂದ ₹300. ಅಷ್ಟೂ ಕವಚಕ್ಕೆ ಸಿಲ್ವರ್, ಕ್ಲಿಯರ್ ರೆಡ್, ಹೊಳಪಿನ ಕ್ಲಿಯರ್ ಅಂತ ಲೆಕ್ಕ ಹಾಕಿದರೆ ಪೇಂಟಿಗೇ ₹4,000 ದಾಟುತ್ತಿತ್ತು. 1980ರಲ್ಲಿ ಮೊದಲ ಗನ್‌ಪ್ಲಾ 300 ಯೆನ್‌ಗೆ ಬಂತಂತೆ. ಈಗ ನಾವು ಒಂದು ಬಾಟಲಿ ಬಣ್ಣಕ್ಕೆ ಅದಕ್ಕಿಂತ ಜಾಸ್ತಿ ಕೊಡ್ತಾ ಇದ್ದೀವಿ.

ಜೆ.ಸಿ. ರಸ್ತೆಯ ಅಂಗಡಿಯಲ್ಲಿ 100 ಎಂಎಲ್ ಮಿಕ್ಸ್ ಮಾಡಿ ಕೊಡಿ ಅಂದೆ. "ಯಾವ ಗಾಡಿ ಸಾರ್?" ಅಂದರು. ಕಿಟ್ ಡಬ್ಬದ ಮೇಲಿನ ಚಿತ್ರ ತೋರಿಸಿದೆ. ಒಂದು ನಿಮಿಷ ನೋಡಿದರು. "ಇದಕ್ಕೆ ಇನ್ಶೂರೆನ್ಸ್ ಇದ್ಯಾ?" ಅಂತ ನಕ್ಕು ಮಿಕ್ಸ್ ಮಾಡಿಕೊಟ್ಟರು. ಸಿಲ್ವರ್ ಬೇಸ್, ಒಂದಿಷ್ಟು ಪಾರದರ್ಶಕ ಕೆಂಪು ಟೋನರ್ (ಬೆರೆಸುವ ಬಣ್ಣ), 2ಕೆ ಕ್ಲಿಯರ್ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ, ಬಣ್ಣವಿಲ್ಲದ ಕೋಟ್) ಮತ್ತು ಅದರ ಹಾರ್ಡನರ್, ಥಿನ್ನರ್. ಎಲ್ಲ ಸೇರಿ ₹1,400 ಇರಬೇಕು. ಅದರಲ್ಲಿ ಅರ್ಧಕ್ಕರ್ಧ ಇನ್ನೂ ಉಳಿದಿದೆ.

ಮೊದಲ ಸುತ್ತಿನಲ್ಲಿ ಗೆಳೆಯರೇ ಗೆದ್ದರು. ಎನ್‌ಸಿ (ನೈಟ್ರೊಸೆಲ್ಯುಲೋಸ್ ಪೇಂಟಿನ) ಥಿನ್ನರ್ ಬೆರೆಸಿ ಬರಿ ಪ್ಲಾಸ್ಟಿಕ್ ಮೇಲೆ ಹೊಡೆದರೆ ಮೇಲ್ಮೈ ಬಿರುಕು ಬಿಟ್ಟು ಒಣಗಿದ ಕೆರೆ ಅಂಗಳದ ಥರ ಆಯಿತು. ಪುಣ್ಯಕ್ಕೆ ಅದು ರನ್ನರ್ ಮೇಲೆ, ಅಂದರೆ ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ ಮೇಲೆ. ಮೊದಲೆಲ್ಲ ಪ್ಲಾಸ್ಟಿಕ್ ಚಮಚದ ಮೇಲೆ ಟೆಸ್ಟ್ ಮಾಡುತ್ತಿದ್ದೆವು. 2022ರ ಜುಲೈನಲ್ಲಿ ಅವುಗಳಿಗೆ ನಿಷೇಧ ಬಂತು. ಒಳ್ಳೆಯದೇ ಆಯಿತು ಅನ್ನಿ. ರನ್ನರಿನ ತುದಿಯಲ್ಲಿ ಎ, ಬಿ, ಸಿ ಅಂತ ಅಕ್ಷರ ಇರುವ ಚಪ್ಪಟೆ ಪಟ್ಟಿ ಇರುತ್ತಲ್ಲ, ಟೆಸ್ಟಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಕಿಟ್ಟಿನದೇ ಪ್ಲಾಸ್ಟಿಕ್. ಅಕ್ಷರದ ಅಂಚು ಮೊಂಡಾಯಿತು ಅಂದರೆ ಪೇಂಟ್ ದಪ್ಪ ಆಗಿದೆ ಅಂತ ತಕ್ಷಣ ಗೊತ್ತಾಗುತ್ತೆ.

ಎನ್‌ಸಿ ಬಿಟ್ಟು ಪಿಯು (ಪಾಲಿಯುರೆಥೇನ್ ಪೇಂಟಿನ) ಥಿನ್ನರ್ ಹಿಡಿದ ಮೇಲೆ ದಾರಿ ಕಂಡಿತು. ಕೆಳಗೆ ಸರ್ಫೇಸರ್ 1500 ಅನ್ನೋ ಪ್ರೈಮರ್ ಎರಡು ಕೋಟ್. ಇಲ್ಲಿ ಮಾತ್ರ ಜುಗ್ಗತನ ಮಾಡಬೇಡಿ. ಜಪಾನಿನದೇ ಹಾಕಿ, ಎರಡು ದಿನ ಒಣಗಲು ಬಿಡಿ. ಅದರ ಮೇಲೆ ಸಿಲ್ವರಿನ ಮೊದಲ ಎರಡು ಕೋಟ್ ಬರಿ ದೂಳು ಕೂತ ಹಾಗೆ, ಒದ್ದೆಯೇ ಆಗಬಾರದು. ಏರ್‌ಬ್ರಷ್ಷಿನ ಗಾಳಿ ಒತ್ತಡ ಸುಮಾರು 15 ಪಿಎಸ್ಐ. ಪೇಂಟಿನಲ್ಲಿರುವ ಥಿನ್ನರ್ ಪ್ರೈಮರ್ ದಾಟಿ ಪ್ಲಾಸ್ಟಿಕ್ ಮುಟ್ಟುವ ಮೊದಲೇ ಹಾರಿ ಹೋಗಬೇಕು. ಇಡೀ ವಿದ್ಯೆ ಅಷ್ಟೇ. ಅವಸರ ಮಾಡಿ ಮೊದಲ ಕೋಟೇ ಒದ್ದೆ ಹೊಡೆದರೆ ಯಾವ ಪ್ರೈಮರೂ ಕಾಪಾಡಲ್ಲ.

ಸಿಲ್ವರ್ ಕೆಳಗೆ ಹೊಳಪಿನ ಕಪ್ಪು ಬೇಕೇ ಬೇಕು ಅಂತಾರೆ. ಕ್ರೋಮ್ ಥರ ಬೇಕಾದರೆ ಹೌದು. ಕ್ಯಾಂಡಿಗೆ ನನಗಂತೂ ಬೇಕಾಗಲಿಲ್ಲ. ಪ್ರೈಮರನ್ನು 1500ರ ವಾಟರ್ ಪೇಪರಿನಲ್ಲಿ ನಯ ಮಾಡಿದ್ದು ಸಾಕಾಯಿತು. ನಿಜವಾದ ತೊಂದರೆ ಬೇರೆ. ಕಾರಿನ ಸಿಲ್ವರಿನಲ್ಲಿ ಮೆಟಾಲಿಕ್ ಕಣ ದಪ್ಪ. ಬಾನೆಟ್ ಮೇಲೆ ಚೆಂದ, 1/100ರ ಭುಜದ ಮೇಲೆ ಜರಿ ಚೆಲ್ಲಿದಂತೆ ಕಾಣುತ್ತೆ. ಮೊದಲ ಡಬ್ಬ ಹಾಗೇ ಮೂಲೆ ಸೇರಿತು. ಅಂಗಡಿಯಲ್ಲಿ ಎಲ್ಲಕ್ಕಿಂತ ಸಣ್ಣ ಕಣದ ಸಿಲ್ವರ್ ಟೋನರ್ ಕೇಳಿ, ಗಾಜಿನ ಮೇಲೆ ಒಂದು ಹನಿ ಎಳೆದು ನೋಡಿ ತನ್ನಿ.

ಕೆಂಪು ಕ್ಲಿಯರ್ ಕೋಟ್ ಹೆಚ್ಚಾದಷ್ಟೂ ಬಣ್ಣ ಗಾಢ ಆಗುತ್ತೆ. ಎಡಗಾಲು ಶನಿವಾರ, ಬಲಗಾಲು ಭಾನುವಾರ ಅಂತ ಹೊಡೆದರೆ ಎರಡು ಕಾಲಿಗೆ ಎರಡು ಕೆಂಪು. ಎಲ್ಲ ಭಾಗವನ್ನೂ ಒಂದೇ ಕೂರಿಕೆಯಲ್ಲಿ, ಒಂದೇ ಡಬ್ಬದಿಂದ ಮುಗಿಸಿದೆ. ಕೋಟ್ ಎಣಿಸಿ ನಂಬಬೇಡಿ, ಟೆಸ್ಟ್ ಪಟ್ಟಿ ಪಕ್ಕದಲ್ಲಿಟ್ಟು ಕಣ್ಣಲ್ಲೇ ಹೋಲಿಸಿ. ಟೋನರನ್ನು ಕ್ಲಿಯರಿಗೆ ಎಷ್ಟು ಬೆರೆಸಿದೆ, ಅದರ ಜೊತೆ ಇನ್ನೊಂದು ಬಣ್ಣ ಚೂರು ಹಾಕಿದ್ದು ಯಾವುದು ಅಂತ ಕೇಳಬೇಡಿ. ಅದಕ್ಕೆ ಬಹಳ ರನ್ನರ್ ಖರ್ಚಾಗಿದೆ.

ಇನ್ನು ಏರ್‌ಬ್ರಷ್ಷಿಗೆ ಗಾಳಿ ಕೊಡುವ ಕಂಪ್ರೆಸರ್ ವಿಷಯ. ಹಳೇ ಫ್ರಿಜ್ಜಿನದು, ಗುಜರಿಯಲ್ಲಿ ₹1,200ಕ್ಕೆ ಸಿಕ್ಕಿತು. ಸದ್ದೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಓಡಿಸಿದರೂ ಕೆಳಗಿನ ಮನೆ ಓನರ್ ಆಂಟಿಗೆ ಗೊತ್ತಾಗಲ್ಲ. ಆದರೆ ಅದು ಗಾಳಿ ಜೊತೆ ಎಣ್ಣೆ ಉಗುಳುತ್ತೆ. ಪೇಂಟ್ ಮೇಲೆ ಸಾಸಿವೆಯಷ್ಟು ಗುಂಡಿ ಬಿದ್ದು ಬಣ್ಣ ಸುತ್ತ ಸರಿದುಕೊಳ್ಳುತ್ತಿತ್ತು. ಒಂದು ವಾಟರ್ ಟ್ರ್ಯಾಪ್ (ಗಾಳಿಯಲ್ಲಿನ ನೀರು, ಎಣ್ಣೆ ಹಿಡಿಯುವ ಡಬ್ಬಿ) ಹಾಕಿದೆ, ಸಾಲಲಿಲ್ಲ. ಎರಡನೆಯದು ಹಾಕಿ, ಮಧ್ಯೆ ಪೈಪನ್ನು ಉದ್ದಕ್ಕೆ ಸುತ್ತಿ ಬಿಟ್ಟ ಮೇಲೆ ನಿಂತಿತು. ಒಟ್ಟು ₹3,500ರ ಒಳಗೆ ಮುಗಿಯಿತು. ರೆಡಿಮೇಡ್ ತಗೊಂಡಿದ್ದರೆ ಇದರ ಎರಡರಷ್ಟು.

ಭಾಗಗಳನ್ನು ಹಿಡಿಯಲು ತೆಂಗಿನ ಪೊರಕೆ ಕಡ್ಡಿ, ತುದಿಗೆ ಎಸ್.ಪಿ. ರಸ್ತೆಯ ಕ್ರೊಕೊಡೈಲ್ ಕ್ಲಿಪ್. ಕಡ್ಡಿ ಚುಚ್ಚಲು ಥರ್ಮೊಕೋಲ್ ಬೇಡವೇ ಬೇಡ. ಒಂದು ಹನಿ ಥಿನ್ನರ್ ಬಿದ್ದಿತು, ನೋಡ್ತಾ ನೋಡ್ತಾ ತೂತಾಯಿತು. ಕಡ್ಡಿ ವಾಲಿ, ಹಸಿ ಪೇಂಟಿನ ಭುಜ ಕವಚ ಹೋಗಿ ಕಾಲೊರೆಸುವ ಮ್ಯಾಟ್ ಮೇಲೆ ಬಿತ್ತು. ಆ ನಾರು ತೆಗೆಯಲು ಒಂದು ವಾರ. ರಟ್ಟಿನ ಡಬ್ಬ ಕತ್ತರಿಸಿ ಸುರುಳಿ ಮಾಡಿ ಕಟ್ಟಿಕೊಳ್ಳಿ, ಪುಕ್ಕಟೆ.

ಮಳೆಗಾಲದಲ್ಲಿ ಪೇಂಟ್ ಬೆಳ್ಳಗೆ ಮಂಕಾಗುತ್ತೆ, ನಿಮಗೂ ಗೊತ್ತು. ರಿಟಾರ್ಡರ್ ಹಾಕಿದರೆ ತಡೆಯುತ್ತೆ, ಆದರೆ ನಿಧಾನ ಒಣಗಿ ದೂಳು ಹಿಡಿಯುತ್ತೆ. ನಾನು ಆಗಸ್ಟ್ ಪೂರ್ತಿ ಬರಿ ನಬ್ (ರನ್ನರಿನಿಂದ ಕತ್ತರಿಸಿದ ಗುರುತು) ಉಜ್ಜಿದೆ, ಸೀಮ್ ಲೈನ್ (ಎರಡು ಭಾಗ ಸೇರುವ ಗೆರೆ) ತೆಗೆದೆ. ಪೇಂಟ್ ಹೊಡೆದಿದ್ದು ದೀಪಾವಳಿ ಕಳೆದ ಮೇಲೆ, ಮಧ್ಯಾಹ್ನದ ಹೊತ್ತು.

ಕಾಯುವ ಹೊತ್ತಿನಲ್ಲಿ ಒಂದು ಹಳೇ ಹೈ ಗ್ರೇಡ್ (ಚಿಕ್ಕ ಸ್ಕೇಲಿನ) ಝಾಕು ರೋಬೋ ಮೇಲೆ ಬೇರೆ ಆಟ ಆಡಿದೆ. ಊರಿನ ಕೆಮ್ಮಣ್ಣನ್ನು ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿದು ಪಾದಕ್ಕೆ ಬ್ರಷ್ಷಿನಲ್ಲಿ ಬಳಿದೆ. ಎಷ್ಟು ಚೆನ್ನಾಗಿ ಬಂತು ಅಂದರೆ, ಪಿಗ್ಮೆಂಟ್ ಡಬ್ಬಿಗೆ ₹500 ಕೊಟ್ಟವರು ನೋಡಿ ಬೇಜಾರು ಮಾಡಿಕೊಳ್ಳಬೇಕು. ಹೊಳಪಿಲ್ಲದ ಮ್ಯಾಟ್ ಕೋಟ್ ಹೊಡೆದ ತಕ್ಷಣ ಬಣ್ಣ ಕಪ್ಪಾಗುತ್ತೆ, ಅದಕ್ಕೆ ಎರಡು ಪಟ್ಟು ಜಾಸ್ತಿ ಬಳಿಯಬೇಕು. ಕಾಫಿ ಡಿಕಾಕ್ಷನ್ನಿನಲ್ಲಿ ಪ್ಯಾನೆಲ್ ಲೈನ್ (ಕವಚದ ಕೊರೆದ ಗೆರೆಗಳಿಗೆ ಕಪ್ಪು ತುಂಬುವುದು) ಹಾಕಲೂ ನೋಡಿದೆ. ಅಂಟಂಟು, ಬೇಡ.

ಕೊನೆಗೆ 2ಕೆ ಕ್ಲಿಯರ್. ಇದರ ಹಾರ್ಡನರ್ ಶ್ವಾಸಕೋಶಕ್ಕೆ ನಿಜವಾಗಿ ಕೆಟ್ಟದ್ದು, ಬಟ್ಟೆ ಮಾಸ್ಕ್ ನಡೆಯಲ್ಲ. ಕಾರ್ಟ್ರಿಜ್ ಮಾಸ್ಕ್, ಗ್ಲೌಸ್, ತೆರೆದ ಬಾಲ್ಕನಿ ಇಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ. ಒಂದು ವಾರ ಬಿಟ್ಟು 2000ರ ವಾಟರ್ ಪೇಪರ್, ಆಮೇಲೆ ಕಾರಿನ ರಬ್ಬಿಂಗ್ ಕಾಂಪೌಂಡ್. ಅಂಚುಗಳನ್ನು ಉಜ್ಜಬೇಡಿ. ಕೆಂಪು ಹೋಗಿ ಸಿಲ್ವರ್ ಕಾಣುತ್ತೆ, ಅದನ್ನು ಮುಚ್ಚಲು ಆಗಲ್ಲ. ನನ್ನ ಸಜಾಬಿಯ ಎಡ ಮೊಣಕಾಲಿನಲ್ಲಿ ಅಂಥದ್ದೊಂದು ಇದೆ, ಡೆಕಾಲ್ (ಅಂಟಿಸುವ ಗುರುತಿನ ಚಿತ್ರ) ಹಿಂದೆ.

2ಕೆ ದಪ್ಪ ಕೂರುತ್ತೆ, ಹಾಗಾಗಿ ಕವಚ ಕೂರುವ ಪೆಗ್ ಮತ್ತು ತೂತುಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಹಾಕಿ. ಸೊಂಟದ ಮುಂದಿನ ಕವಚ ಈಗಲೂ ತೊಡೆಗೆ ಉಜ್ಜುತ್ತೆ, ಕಾಲು ಎತ್ತಿಸಿ ನಿಲ್ಲಿಸಲ್ಲ. "ಕರಗಿ ಹೋಗುತ್ತೆ" ಅಂದಿದ್ದ ಗೆಳೆಯ ಹೋದ ವಾರ ಬಂದು, ಉಳಿದ ಟೋನರಿನಲ್ಲಿ 30 ಎಂಎಲ್ ಕೇಳಿ ತಗೊಂಡು ಹೋದ. ಅವನಿಗೂ ಆ ಇನ್ನೊಂದು ಬಣ್ಣ ಯಾವುದು ಅಂತ ಹೇಳಿಲ್ಲ.